ಕೆರೆ ಆಮೇಲೆ, ಕಾಲುವೆ ಮೊದಲು: ಬದಲಾದ ಮಳೆಗೆ ಸಣ್ಣ ಊರು ರೆಡಿ ಆಗೋದು ಹೆಂಗೆ

ನಮ್ಮದು ಹಿರಿಯೂರು. ಮಾರಿಕಣಿವೆ ಡ್ಯಾಂ, ಅದೇ ವಾಣಿವಿಲಾಸ ಸಾಗರ, ತುಂಬಿ ಕೋಡಿ ಬಿದ್ದಿದ್ದನ್ನ ನಾನೂ ನೋಡಿರ್ಲಿಲ್ಲ ನಮ್ಮಪ್ಪನೂ ನೋಡಿರ್ಲಿಲ್ಲ. 1907ರಲ್ಲಿ ಕಟ್ಟಿ ಮುಗಿಸಿದ ಡ್ಯಾಂ, 30 ಟಿಎಂಸಿ ಹಿಡಿಯುತ್ತೆ, 1933ರಲ್ಲಿ ಒಂದ್ಸಲ 130 ಅಡಿ ದಾಟಿ ಕೋಡಿ ಹರಿದಿತ್ತು, ಆಮೇಲೆ 89 ವರ್ಷ ಇಲ್ಲ. ಕಣ್ಣೆದುರೇ ತಳ ಕಾಣೋ ಹಂಗೆ ಇಳಿದ ವರ್ಷಗಳೂ ಇದ್ವು, ಆ ನೀರು ನಂಬ್ಕೊಂಡಿರೋ ಹಿರಿಯೂರು, ಚಳ್ಳಕೆರೆ, ಚಿತ್ರದುರ್ಗ ಮೂರೂ ಊರಿನೋರು ಕೊಡ ಹಿಡ್ಕೊಂಡು ನಿಂತಿದ್ವಿ. ಅಂಥ ಡ್ಯಾಂ 2022ರ ಸೆಪ್ಟೆಂಬರಲ್ಲಿ ಕೋಡಿ ಬಿತ್ತು, ಊರಿಗೆ ಊರೇ ಹೋಗಿ ನೋಡ್ತು, ಎಷ್ಟೋ ಜನ ಅಲ್ಲೇ ನಿಂತು ಅತ್ತುಬಿಟ್ರು. ಭದ್ರಾ ನದಿಯಿಂದ ತಂದ ನೀರೂ ಬಂದು ಸೇರಿತ್ತು, ಬರೀ ನಮ್ಮ ಮಳೆ ಅಂತ ಹೇಳಕ್ಕಾಗಲ್ಲ, ಆದ್ರೂ ಮಳೆ ಜೋರೇ ಇತ್ತು. ಮುಂದಿನ ವರ್ಷ 2023ರಲ್ಲಿ ನೋಡಿದ್ರೆ ರಾಜ್ಯದ 236 ತಾಲೂಕಲ್ಲಿ 223 ಬರ ಪೀಡಿತ, ನಮ್ಮದೂ ಅದ್ರಲ್ಲಿ. ಮತ್ತೆ 2025ರ ಜನವರಿಯಲ್ಲಿ ಕೋಡಿ! ಜನವರಿಯಲ್ಲಿ!

ಅಂದ್ರೆ ನಮ್ಮ ಊರಿಗೆ ಈಗ ಎರಡೂ ಬರ್ತಿದೆ, ಬರ ಬಂದ ಬೆನ್ನಿಗೇ ನೆರೆ, ನೆರೆ ಬಂದ ಬೆನ್ನಿಗೇ ಬರ. ಗಾಳಿ ಒಂದು ಡಿಗ್ರಿ ಬಿಸಿ ಆದ್ರೆ ಸುಮಾರು 7 ಪರ್ಸೆಂಟ್ ಜಾಸ್ತಿ ನೀರಾವಿ ಹಿಡ್ಕೊಳ್ಳುತ್ತೆ, ಹಿಡ್ಕೊಂಡಿದ್ದನ್ನ ಸುರಿಸೋವಾಗ ಒಂದೇ ಸಲಕ್ಕೆ ಸುರಿಸುತ್ತೆ, ಮಧ್ಯದ ದಿನಗಳು ಒಣ. ಮುಂಚೆ ಹತ್ತು ದಿನ ಜಿಟಿಜಿಟಿ ಅಂತ ಬರ್ತಿದ್ದ ಮಳೆ ಈಗ ಎರಡು ರಾತ್ರಿಯಲ್ಲಿ ಬಂದ್ಹೋಗುತ್ತೆ. ಆ ಎರಡು ರಾತ್ರಿ ನೀರು ಹಿಡ್ಕೊಳ್ಳೋ ಊರು ಬೇಸಿಗೆ ದಾಟುತ್ತೆ, ಬಿಟ್ಟ ಊರಿಗೆ ಅದೇ ವರ್ಷ ನೆರೆನೂ ಗತಿ ಟ್ಯಾಂಕರೂ ಗತಿ.

ನಾವೊಂದು ಹತ್ತು ಹನ್ನೊಂದು ಜನ ಕೆಲವು ವರ್ಷದಿಂದ ಈ ಕೆಲಸ ಮಾಡ್ತಾ ಬಂದಿದ್ದೀವಿ, ಮಾಡಿ ತಪ್ಪಿ ಕಲ್ತಿದ್ದನ್ನ ಇಲ್ಲಿ ಬರೀತಿದ್ದೀನಿ, ನಿಮ್ಮ ಊರು ಬಯಲುಸೀಮೆಯ ಯಾವುದೇ ಸಣ್ಣ ಪಟ್ಟಣ ಆಗಿರ್ಲಿ ಬಹುಪಾಲು ಹಿಂಗೇ ಉಪಯೋಗಕ್ಕೆ ಬರುತ್ತೆ.

ಶುರು ಮಾಡೋ ಮುಂಚೆ: ಯಾರು ಬೇಕು

ದೊಡ್ಡ ಸಂಘ ಕಟ್ಟೋಕೆ ಹೋಗ್ಬೇಡಿ, ರಿಜಿಸ್ಟ್ರೇಷನ್ನು ಲೆಟರ್‌ಹೆಡ್ಡು ಅಧ್ಯಕ್ಷರು ಅಂತ ಹೊರಟ್ರೆ ಮೊದಲನೇ ಮಳೆಗಾಲ ಅದ್ರಲ್ಲೇ ಮುಗಿಯುತ್ತೆ. ಎಂಟು ಹತ್ತು ಜನ ಸಾಕು, ಆದ್ರೆ ಸರಿಯಾದೋರು ಬೇಕು. ನಗರಸಭೆ ಅಥವಾ ಪಟ್ಟಣ ಪಂಚಾಯ್ತಿಯ ವಾಟರ್‌ಮ್ಯಾನ್ ಒಬ್ರು, ಊರಲ್ಲಿ ಯಾವ ಬೀದಿಗೆ ಯಾವಾಗ ನೀರು ನಿಲ್ಲುತ್ತೆ ಅನ್ನೋದು ಅವರಷ್ಟು ಯಾರಿಗೂ ಗೊತ್ತಿರಲ್ಲ. ರಿಟೈರ್ಡ್ ಸರ್ವೆಯರ್ ಅಥವಾ ಗ್ರಾಮಲೆಕ್ಕಿಗರು ಸಿಕ್ರೆ ನಿಮ್ಮ ಅರ್ಧ ಕೆಲಸ ಆಯ್ತು. ಸ್ತ್ರೀಶಕ್ತಿ ಸಂಘದ ಇಬ್ರು ಮೂವರು ಅಕ್ಕಂದಿರು, ಒಬ್ರು ಹೈಸ್ಕೂಲ್ ಮೇಷ್ಟ್ರು ಇಲ್ಲ ಟೀಚರ್, ಒಬ್ಬ ಜೆಸಿಬಿ ಇಟ್ಕೊಂಡಿರೋನು. ಇವರೆಲ್ಲರಿಗಿಂತ ಮುಖ್ಯ ಹಳೇ ನೀರುಗಂಟಿ ಮನೆತನದ ಹಿರಿಯರು. ಕೆರೆ ತೂಬು ತೆಗೆದು ಗದ್ದೆಗೆ ನೀರು ಹಂಚ್ತಿದ್ದ ಮನೆತನಗಳು ಕೆರೆ ಇರೋ ಊರಲ್ಲೆಲ್ಲ ಇದ್ವು, ಈಗ ಆ ಕೆಲಸ ಇಲ್ಲ, ಆದ್ರೆ ಎಪ್ಪತ್ತು ಎಂಬತ್ತರ ತಾತಂದಿರಿಗೆ ಕೆರೆಗೆ ಮಳೆ ನೀರು ತರೋ ಕಾಲುವೆ ಎಲ್ಲಿತ್ತು ಅಂತ ಇನ್ನೂ ನೆನಪಿದೆ. ಅವರ ಹತ್ರ ಈ ವರ್ಷವೇ ಹೋಗಿ, ಮುಂದಿನ ವರ್ಷ ನೋಡೋಣ ಅನ್ಬೇಡಿ.

ಒಂದನೇ ಹೆಜ್ಜೆ: ಮಳೆ ಅಳೀರಿ

ನಮ್ಮ ಕಡೆ ಹಿರಿಯರು ಮಳೆನ ನಕ್ಷತ್ರದಲ್ಲಿ ಲೆಕ್ಕ ಇಡ್ತಾರೆ, ಭರಣಿ ಮಳೆ ಬಂದ್ರೆ ಧರಣಿಯೆಲ್ಲಾ ಬೆಳೆ ಅಂತಾರೆ, ಆ ಲೆಕ್ಕ ಬಿಡ್ಬೇಡಿ, ಅದ್ರ ಪಕ್ಕದಲ್ಲೇ ಮಿಲಿಮೀಟರೂ ಬರೀರಿ ಅಷ್ಟೇ. ಬಾಯಿ ಎಷ್ಟು ಅಗಲ ಇದ್ಯೋ ತಳನೂ ಅಷ್ಟೇ ಅಗಲ ಇರೋ, ತಳ ಸಪಾಟಾಗಿರೋ ಯಾವುದಾದ್ರೂ ಡಬ್ಬಿ ತಗೊಳ್ಳಿ, ಗೋಡೆ ಮರ ಇಂದ ದೂರ ಬಯಲಲ್ಲಿ ಅಲುಗಾಡದ ಹಂಗೆ ಇಡಿ, ದಿನಾ ಬೆಳಿಗ್ಗೆ 8:30ಕ್ಕೆ ಸ್ಕೇಲ್ ಇಟ್ಟು ನೋಡಿ ಬರೆದು ಚೆಲ್ಲಿ. ಹವಾಮಾನ ಇಲಾಖೆಯೋರು ಓದೋದೂ ಅದೇ ಟೈಮಿಗೆ, ಹಂಗಾಗಿ ಅವರ ಲೆಕ್ಕದ ಜೊತೆ ತಾಳೆ ನೋಡ್ಬೋದು. ಊರಲ್ಲಿ ನಾಲ್ಕು ದಿಕ್ಕಿಗೆ ನಾಲ್ಕು ಡಬ್ಬಿ ಇದ್ರೆ ಒಳ್ಳೇದು, ಶಾಲೆ ಅಂಗಳದಲ್ಲೊಂದು ಇಡಿ, ಮಕ್ಕಳು ಮರೆಯಲ್ಲ ನಾವು ಮರೀತೀವಿ. ಜೊತೆಗೆ ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದೋರು ಗ್ರಾಮ ಪಂಚಾಯ್ತಿ ಮಟ್ಟದಲ್ಲಿ ಆಟೋಮ್ಯಾಟಿಕ್ ಮಳೆ ಮಾಪಕ ಹಾಕಿದ್ದಾರೆ, ಆ ಲೆಕ್ಕನೂ ನೋಡ್ತಾ ಇರಿ.

ಎರಡು ಸಂಖ್ಯೆ ನೆನಪಿಟ್ಕೊಳ್ಳಿ. 24 ಗಂಟೆಯಲ್ಲಿ 64.5 ಮಿ.ಮೀ ದಾಟಿದ್ರೆ ಇಲಾಖೆ ಪ್ರಕಾರ ಭಾರಿ ಮಳೆ, 115.6 ಮುಟ್ಟಿದ್ರೆ ಅತಿ ಭಾರಿ. ಒಂದು ಮಿ.ಮೀ ಅಂದ್ರೆ ಒಂದು ಚದರ ಮೀಟರಿಗೆ ಒಂದು ಲೀಟರ್ ನೀರು, ಲೆಕ್ಕ ಅಷ್ಟು ಸುಲಭ. ನಿಮ್ಮ ಕೆರೆಗೆ ನೀರು ಹರಿದು ಬರೋ ಜಾಗ 500 ಎಕರೆ ಅಂದ್ಕೊಳ್ಳಿ, ಒಂದು ರಾತ್ರಿ 60 ಮಿ.ಮೀ ಬಿತ್ತು, ಐದ್ರಲ್ಲಿ ಒಂದು ಭಾಗ ಮಾತ್ರ ಹರಿದು ಬಂತು ಅಂದ್ರೂ ಸುಮಾರು 2.4 ಕೋಟಿ ಲೀಟರ್. 5000 ಲೀಟರ್ ಟ್ಯಾಂಕರ್ ಲೆಕ್ಕದಲ್ಲಿ 4800 ಟ್ಯಾಂಕರ್, ಒಂದೇ ರಾತ್ರಿಲಿ. ಈ ಲೆಕ್ಕನ ಬೋರ್ಡ್ ಮೇಲೆ ಬರೆದು ತೋರಿಸಿದ ದಿನ ನಮ್ಮ ಮೀಟಿಂಗಿಗೆ ಬಂದಿದ್ದ ಟ್ಯಾಂಕರ್ ಡ್ರೈವರ್ರೇ ಎದ್ದು ನಿಂತು ಹೌದಾ ಅಂತ ಮತ್ತೆ ಕೇಳಿದ್ರು.

ಎರಡನೇ ಹೆಜ್ಜೆ: ಕಾಲುವೆ ಹಿಡಿದು ನಡೀರಿ

ಇದೇ ಅಸಲಿ ಕೆಲಸ, ಹಾಗಾಗಿ ಇಲ್ಲಿ ಸ್ವಲ್ಪ ಜಾಸ್ತಿ ಬರೀತೀನಿ.

ಎಲ್ರೂ ಕೆರೆ ಉಳಿಸೋಣ ಅಂದಾಗ ಮೊದಲು ಮಾಡೋದು ಹೂಳು ತೆಗೆಯೋದು. ನಾವೂ ಅದೇ ಮಾಡಿದ್ವಿ. ಊರಾಚೆ ಒಂದು ಸಣ್ಣ ಕೆರೆ, ಜನರ ಹತ್ರ ದುಡ್ಡೆತ್ತಿ ಎರಡು ತಿಂಗಳು ಜೆಸಿಬಿ ಓಡಿಸಿ ಅಗೆದ್ವಿ, ಆ ವರ್ಷ ಮಳೆನೂ ಬಂತು, ಕೆರೆಗೆ ಮಾತ್ರ ಮೊಣಕಾಲುದ್ದ ನೀರು. ಯಾಕೆ ಅಂತ ನೋಡಕ್ಕೆ ಮೇಲಕ್ಕೆ ನಡೆದುಕೊಂಡು ಹೋದ್ರೆ ಕೆರೆಗೆ ಬರೋ ಹಳ್ಳ ಒಂದು ಕಡೆ ರಸ್ತೆ ಮೋರಿಗೆ ಸಿಕ್ಕಿ ಹಾದಿ ತಪ್ಪಿದೆ, ಇನ್ನೊಂದು ಕಡೆ ಮಣ್ಣು ಸುರಿದು ಸೈಟ್ ಮಾಡಿದ್ದಾರೆ, ನೀರೆಲ್ಲ ತಿರುಗಿ ಒಂದು ಕಾಲೋನಿಗೆ ನುಗ್ಗಿದೆ. ಅಂದ್ರೆ ಕೆರೆಗೆ ಸೇರಬೇಕಾದ ನೀರೇ ಅಲ್ಲಿ ಮನೆಯೊಳಗೆ ಹೋಗಿತ್ತು, ಬಡವರ ಅಕ್ಕಿ ಮೂಟೆ ನೆನೆಸಿತ್ತು. ನಾವು ತಳ ಅಗೀತಿದ್ವಿ, ಬಾಗಿಲೇ ಮುಚ್ಚಿದೆ ಅಂತ ನೋಡಿರ್ಲಿಲ್ಲ. ಆ ತಪ್ಪು ನಮ್ದು, ಜನ ಕೊಟ್ಟ ದುಡ್ಡಿಗೆ ನಾವು ಉತ್ತರ ಹೇಳ್ಬೇಕಾಯ್ತು, ಅದಕ್ಕೇ ಇಷ್ಟು ಒತ್ತಿ ಹೇಳ್ತಿರೋದು.

ನೀರಿನ ಹಾದಿ ಅಂದ್ರೆ ಏನು ಅಂತ ಕಣ್ಣಾರೆ ನೋಡ್ಬೇಕಾದ್ರೆ ಮಳೆಗಾಲದಲ್ಲಿ ಒಂದ್ಸಲ ಚಿತ್ರದುರ್ಗದ ಕೋಟೆಗೆ ಹೋಗಿ. ಬಂಡೆ ಮೇಲೆ ಬಿದ್ದ ಮಳೆ ಗೋಪಾಲಸ್ವಾಮಿ ಹೊಂಡಕ್ಕೆ ಬರುತ್ತೆ, ಅದು ತುಂಬಿದ್ರೆ ಅಕ್ಕ-ತಂಗಿಯರ ಹೊಂಡಕ್ಕೆ, ಅಲ್ಲಿಂದ ಕೆಳಗಿಳಿದು ಊರಿನ ಸಿಹಿನೀರು ಹೊಂಡ, ಸಂತೆ ಹೊಂಡದ ಕಡೆಗೆ. ಒಂದು ತುಂಬಿ ಇನ್ನೊಂದಕ್ಕೆ, ಪಂಪಿಲ್ಲ ಪೈಪಿಲ್ಲ. ನಿಮ್ಮ ಊರಲ್ಲೂ ಹಳೇ ಕೆರೆಗಳು ಹಿಂಗೇ ಸರಪಳಿಯಾಗಿ ಇದ್ದೇ ಇರ್ತಾವೆ, ಮೇಲಿನ ಕೆರೆ ಕೋಡಿ ನೀರು ಕೆಳಗಿನ ಕೆರೆಗೆ. ಸರಪಳಿಯ ಒಂದು ಕೊಂಡಿ ಕಳಚಿದ್ರೆ ಕೆಳಗಿನದೆಲ್ಲ ಒಣಗುತ್ತೆ.

ನಡೆಯೋದು ಹೆಂಗೆ ಅಂದ್ರೆ, ಕೆರೆಯಿಂದ ಶುರು ಮಾಡಿ ಮೇಲಕ್ಕೆ ಹೋಗಿ, ಗುಡ್ಡ ಅಥವಾ ದಿಬ್ಬ ಸಿಗೋವರೆಗೂ. ಮಾರ್ಚ್ ಏಪ್ರಿಲಲ್ಲಿ ಒಂದ್ಸಲ, ಮಳೆ ಬಿದ್ದ ಮಾರನೇ ದಿನ ಇನ್ನೊಂದ್ಸಲ. ಒಣಗಿರೋವಾಗ ಕಸ, ಕಟ್ಟಡ, ಮಣ್ಣು ಕಾಣುತ್ತೆ, ನೆನೆದಿರೋವಾಗ ನೀರು ಎಲ್ಲಿ ನಿಂತು ಎಲ್ಲಿ ತಿರುಗ್ತಿದೆ ಅಂತ ಕಾಣುತ್ತೆ, ಎರಡೂ ಬೇಕು. ಫೋನಲ್ಲಿ ಲೊಕೇಷನ್ ಆನ್ ಮಾಡಿ ಪ್ರತಿ ಅಡ್ಡಿಯ ಫೋಟೋ ತೆಗೀರಿ, ಹಳೇ ನೀರುಗಂಟಿ ತಾತ ನಡೆಯೋಕಾಗಲ್ಲ ಅಂದ್ರೆ ಬೈಕಲ್ಲಿ ಕೂರಿಸ್ಕೊಂಡು ಹೋಗಿ. ಮೋರಿಗಳ ಅಳತೆ ತಗೊಳ್ಳಿ, ಹೈವೇ ಹಾದು ಹೋಗೋ ಊರಾದ್ರೆ ಇದು ತುಂಬಾ ಮುಖ್ಯ, ಹಳ್ಳ ಹತ್ತಡಿ ಅಗಲ ಇರುತ್ತೆ ಮೋರಿ ಎರಡಡಿ ಪೈಪ್ ಇರುತ್ತೆ, ಜೋರು ಮಳೆ ಬಂದ್ರೆ ನೀರು ಅಲ್ಲೇ ಕಟ್ಕೊಳ್ಳುತ್ತೆ.

ಇನ್ನು ಬಳ್ಳಾರಿ ಜಾಲಿ. ನಮ್ಮ ಸೀಮೆಯಲ್ಲಿ ಕಾಲುವೆ ಕೆರೆ ಅಂಗಳ ಎಲ್ಲಾ ಅದೇ ತುಂಬ್ಕೊಂಡಿದೆ. ಮೇಲೆ ಮೇಲೆ ಕಡಿದ್ರೆ ಮುಂದಿನ ವರ್ಷಕ್ಕೆ ಎರಡರಷ್ಟು ಚಿಗುರುತ್ತೆ, ಬುಡ ಸಮೇತ ಕೀಳಿಸ್ಬೇಕು. ಸೌದೆಗೆ ಇದ್ದಿಲಿಗೆ ಅಂತ ಕಡ್ಕೊಂಡು ಹೋಗೋರು ಇದ್ದಾರೆ, ಅವರ ಹತ್ರ ಬೇರು ಸಮೇತ ತೆಗೆಯೋ ಮಾತಾಡ್ಕೊಂಡ್ರೆ ನಿಮಗೆ ಖರ್ಚು ಕಡಿಮೆ, ಆದ್ರೆ ಆ ಜಾಗ ಯಾರ ಸುಪರ್ದಿನಲ್ಲಿದೆಯೋ ಅವರ ಪರ್ಮಿಷನ್ ಬರವಣಿಗೆಯಲ್ಲಿ ತಗೊಂಡೇ ಮಾಡಿ.

ಮೂರನೇ ಹೆಜ್ಜೆ: ಕಾಗದ ಸರಿ ಮಾಡ್ಕೊಳ್ಳಿ

ಬೇಜಾರಿನ ಕೆಲಸ, ಆದ್ರೆ ಇದಿಲ್ದೆ ಯಾವುದೂ ನಿಲ್ಲಲ್ಲ. ಕಂದಾಯ ಇಲಾಖೆಯ ದಿಶಾಂಕ್ ಆ್ಯಪ್ ಫೋನಿಗೆ ಹಾಕ್ಕೊಳ್ಳಿ, ನೀವು ನಿಂತಿರೋ ಜಾಗದ ಸರ್ವೆ ನಂಬರ್ ತೋರ್ಸುತ್ತೆ, ಹಳ್ಳ ಕೆರೆಗಳ ಗುರುತೂ ಇರುತ್ತೆ. ಆಮೇಲೆ ಗ್ರಾಮ ನಕಾಶೆಯ ಪ್ರತಿ ತಗೊಳ್ಳಿ, ಪಹಣಿಯಲ್ಲಿ ಖರಾಬು ಕಾಲಂ ನೋಡಿ. ಎ ಖರಾಬು ಅಂದ್ರೆ ಸಾಗುವಳಿಗೆ ಬರದ ಜಾಗ, ಬಿ ಖರಾಬು ಅಂದ್ರೆ ಹಳ್ಳ, ದಾರಿ, ಕಾಲುವೆ ಥರ ಸಾರ್ವಜನಿಕರಿಗೆ ಸೇರಿದ ಜಾಗ. ನಿಮ್ಮ ಕಾಲುವೆ ಬಿ ಖರಾಬಲ್ಲಿ ಇದ್ರೆ ನಿಮ್ಮ ಕೈ ಗಟ್ಟಿ, ತಹಶೀಲ್ದಾರರಿಗೆ ಸರ್ವೆ ಮಾಡಿ ಗಡಿ ಗುರುತು ಮಾಡಿಕೊಡಿ ಅಂತ ಅರ್ಜಿ ಕೊಡಿ, ಸ್ವೀಕೃತಿ ತಗೊಳ್ಳೋದು ಮರೀಬೇಡಿ. ಮಾಹಿತಿ ಬೇಕಾದ್ರೆ ಮಾಹಿತಿ ಹಕ್ಕಿನ ಅರ್ಜಿ, 10 ರೂಪಾಯಿ ಶುಲ್ಕ, 30 ದಿನದೊಳಗೆ ಉತ್ತರ ಬರ್ಬೇಕು.

ಒಂದು ಮಾತು. ಒತ್ತುವರಿ ಮಾಡಿದೋರ ಮನೆ ಮುಂದೆ ಹೋಗಿ ಗಲಾಟೆ ಮಾಡ್ಬೇಡಿ. ಸಣ್ಣ ಊರು, ನಾಳೆ ಮದುವೆಮನೆಯಲ್ಲಿ ಒಂದೇ ಪಂಕ್ತಿಗೆ ಕೂರ್ಬೇಕು. ಎಷ್ಟೋ ಜನರಿಗೆ ತಾವು ಕೊಂಡ ಸೈಟು ಕಾಲುವೆ ಮೇಲಿದೆ ಅಂತಾನೇ ಗೊತ್ತಿರಲ್ಲ, ಮಾರಿದೋನು ಹೋಗಿರ್ತಾನೆ, ಇವರು ಸಾಲ ಮಾಡಿ ಮನೆ ಕಟ್ಟಿರ್ತಾರೆ. ಅಂಥ ಕಡೆ ಮನೆ ಒಡೆಸೋ ಮಾತಿಗಿಂತ ನೀರಿಗೆ ಪಕ್ಕದಲ್ಲಿ ದಾರಿ ಮಾಡೋಕಾಗುತ್ತಾ ಅಂತ ಇಂಜಿನಿಯರ್ ಕರೆಸಿ ನೋಡಿ. ನಾವು ಒಂದು ಕಡೆ ಹಿಂಗೇ ಹೋಗಿ, ಅಣ್ಣಾ ಮಳೆ ಬಂದ್ರೆ ಮೊದಲು ನೀರು ನುಗ್ಗೋದು ನಿಮ್ಮನೆಗೇ ಅಂತ ಫೋಟೋ ತೋರಿಸಿ ಮಾತಾಡಿದ್ಮೇಲೆ ಅವರೇ ಕಾಂಪೌಂಡ್ ನಾಲ್ಕಡಿ ಹಿಂದಕ್ಕೆ ತಗೊಂಡ್ರು.

ದುಡ್ಡಿನ ವಿಷ್ಯ: ಉದ್ಯೋಗ ಖಾತ್ರಿ ಥರದ್ದು ಹಳ್ಳಿಗಳಿಗೆ, ಪಟ್ಟಣದ ಮಿತಿಯೊಳಗೆ ಬರಲ್ಲ. ಆದ್ರೆ ಕಾಲುವೆಯ ಮೇಲ್ಭಾಗ ಬಹಳ ಸಲ ಪಕ್ಕದ ಗ್ರಾಮ ಪಂಚಾಯ್ತಿಯಲ್ಲಿ ಇರುತ್ತೆ, ಹಾಗಾಗಿ ಪಿಡಿಒ ಅವರನ್ನೂ ಮಾತಾಡಿಸಿ. ಪಟ್ಟಣಕ್ಕೆ ಹಣಕಾಸು ಆಯೋಗದ ಅನುದಾನ ಇದೆ, 2021ರಲ್ಲಿ ಶುರುವಾದ ಅಮೃತ್ 2.0 ಯೋಜನೆಯಲ್ಲಿ ಕೆರೆ ಪುನಶ್ಚೇತನಕ್ಕೂ ಜಾಗ ಇಟ್ಟಿದ್ರು, ಈಗಲೂ ಸಿಗುತ್ತಾ ಅಂತ ಕೇಳಿ ನೋಡಿ. ನಗರಸಭೆ ಬಜೆಟ್ ಮಾಡೋ ಮುಂಚೆ ಸಾರ್ವಜನಿಕರನ್ನ ಕರೆದು ಪೂರ್ವಭಾವಿ ಸಭೆ ಮಾಡ್ತಾರೆ, ಆ ಸಭೆಗೆ ಫೋಟೋ, ನಕ್ಷೆ, ಮಳೆ ಲೆಕ್ಕ ಮೂರೂ ಹಿಡ್ಕೊಂಡು ಹೋಗಿ. ಬರೀ ಬಾಯಿಮಾತಲ್ಲಿ ಕೆರೆ ಉಳಿಸಿ ಅಂದ್ರೆ ಆಯ್ತು ಅಂತಾರೆ, ಇಂಥ ಸರ್ವೆ ನಂಬರಲ್ಲಿ ಇಷ್ಟು ಮೀಟರ್ ಕಾಲುವೆ, ಮೂರು ಮೋರಿ ಅಂತ ಬರೆದುಕೊಟ್ರೆ ಅದು ಬಜೆಟ್ ಪುಸ್ತಕಕ್ಕೆ ಹೋಗುತ್ತೆ.

ನಾಲ್ಕನೇ ಹೆಜ್ಜೆ: ಈಗ ಕೆರೆಗೆ ಇಳೀರಿ

ಕಾಲುವೆ ತೆರೆದ ಮೇಲೆ ಹೂಳು. ಜನವರಿಯಿಂದ ಏಪ್ರಿಲ್ ಒಳಗೆ ಮುಗಿಸ್ಬೇಕು, ಯಾಕಂದ್ರೆ ಮೇ ತಿಂಗಳ ಗುಡುಗು ಮಳೆಗೆ ಅಗೆದ ಮಣ್ಣೆಲ್ಲ ವಾಪಸ್ ಕೆರೆಗೇ ಬರುತ್ತೆ. ನಮ್ಮ ಕಡೆ ಕೆರೆ ತುಂಬೋದು ಸೆಪ್ಟೆಂಬರ್ ಅಕ್ಟೋಬರ್ ಮಳೆಗೆ, ಉತ್ತರೆ ಹಸ್ತ ಚಿತ್ತೆ.

ಏರಿ ಬುಡದಲ್ಲಿ ಯಾವತ್ತೂ ಅಗೀಬೇಡಿ. ಏರಿಯಿಂದ ಒಳ್ಳೆ ಅಂತರ ಬಿಟ್ಟು ಒಳಗೆ ತಟ್ಟೆ ಥರ ನಿಧಾನಕ್ಕೆ ಇಳಿಜಾರು ಬರೋ ಹಂಗೆ ತೆಗೀರಿ, ಬಾವಿ ಥರ ಕಡಿದ ಗುಂಡಿ ಮಾಡಿದ್ರೆ ದನ, ಮಕ್ಕಳು ಜಾರಿ ಬೀಳ್ತಾರೆ. ಕಪ್ಪು ಮಣ್ಣಿನ ಪದರ ಮುಗಿದು ಗರಸು ಮಣ್ಣು ಕಂಡ ತಕ್ಷಣ ನಿಲ್ಲಿಸಿ, ಇನ್ನೂ ಅಗೆದ್ರೆ ನೀರು ನಿಲ್ಲಲ್ಲ, ಇಂಗಿ ಹೋಗುತ್ತೆ. ಇಂಗಿಸೋಕೇ ಬೇಕು ಅಂತ ತೀರ್ಮಾನ ಮಾಡಿರೋ ಕೆರೆ ಆದ್ರೆ ಅದು ಬೇರೆ ಮಾತು. ತೆಗೆದ ಹೂಳು ರೈತರಿಗೆ ಕೊಡಿ, ಹೊಲಕ್ಕೆ ಒಳ್ಳೇದು, ಟ್ರ್ಯಾಕ್ಟರ್ ಅವರದ್ದು ತುಂಬಿಸೋ ಜೆಸಿಬಿ ನಮ್ಮದು ಅಂತ ಮಾತಾಡ್ಕೊಂಡ್ರೆ ಖರ್ಚು ಅರ್ಧಕ್ಕರ್ಧ ಇಳಿಯುತ್ತೆ. ಚರಂಡಿ ನೀರು ಸೇರ್ತಿದ್ದ ಕೆರೆ ಆದ್ರೆ ಮಾತ್ರ ಮೊದಲು ಮಣ್ಣು ಪರೀಕ್ಷೆ ಮಾಡಿಸಿ. ಎಷ್ಟು ಲೋಡ್ ಹೋಯ್ತು, ಯಾರ ಹೊಲಕ್ಕೆ ಹೋಯ್ತು ಅಂತ ಬುಕ್ಕಲ್ಲಿ ಬರೀರಿ, ಇಲ್ಲಾಂದ್ರೆ ಮಣ್ಣು ಮಾರ್ಕೊಂಡ್ರು ಅಂತ ಊರಲ್ಲಿ ಮಾತು ಬರುತ್ತೆ, ಒಂದ್ಸಲ ಆ ಮಾತು ಬಂದ್ರೆ ಮುಂದಿನ ಕೆರೆಗೆ ಯಾರೂ ಕೈ ಹಾಕಲ್ಲ.

ಕೋಡಿ ವಿಷ್ಯ ಬಹಳ ಎಚ್ಚರ. ಜಾಸ್ತಿ ನೀರು ನಿಲ್ಲಲಿ ಅಂತ ಕೋಡಿಗೆ ಕಲ್ಲು, ಮರಳು ಮೂಟೆ ಅಡ್ಡ ಇಡ್ತಾರೆ, ಇದು ತುಂಬಾ ಕಡೆ ನಡೆಯುತ್ತೆ, ದಯವಿಟ್ಟು ಹಂಗೆ ಮಾಡೋಕೆ ಬಿಡಬೇಡಿ. ಕೋಡಿಗೆ ಅಷ್ಟೇ ಎತ್ತರ ಇಟ್ಟಿರೋದೇ ಏರಿ ಉಳೀಲಿ ಅಂತ. ಈಗಿನ ಮಳೆ ಒಂದು ರಾತ್ರಿಲಿ ಕೆರೆ ತುಂಬಿಸೋ ಮಳೆ, ಕೋಡಿ ಕಟ್ಕೊಂಡ್ರೆ ನೀರು ಏರಿ ಮೇಲೆ ಹರಿದು ಏರಿ ಒಡೆಯುತ್ತೆ, ಕೆಳಗಿರೋರ ಗತಿ ಏನು. ಏರಿ ಮೇಲೆ ಹೆಗ್ಗಣದ ಬಿಲ, ಗೆದ್ದಲು ಹುತ್ತ, ಜೌಗು ಬಂದಿರೋ ಜಾಗ ಕಂಡ್ರೆ ಫೋಟೋ ತೆಗೆದು ಸಣ್ಣ ನೀರಾವರಿ ಇಲಾಖೆಗೆ ಬರೆದು ಕೊಡಿ, ನೀವೇ ಮಣ್ಣು ತುಂಬಿ ಮುಚ್ಚೋಕೆ ಹೋಗ್ಬೇಡಿ.

ಐದನೇ ಹೆಜ್ಜೆ: ಚಾವಣಿ ನೀರು

30x40 ಸೈಟಿನ ಮನೆ, ಚಾವಣಿ ಪೂರ್ತಿ 1200 ಚದರಡಿ ಅಂದ್ಕೊಳ್ಳಿ. ನಮ್ಮ ಕಡೆ ಸಾಧಾರಣ ವರ್ಷದಲ್ಲಿ 600 ಮಿ.ಮೀ ಆಸುಪಾಸು ಮಳೆ. ಐದ್ರಲ್ಲಿ ಒಂದು ಭಾಗ ಹಾಳಾಯ್ತು ಅಂದ್ರೂ ಸುಮಾರು 53,000 ಲೀಟರ್ ಸಿಗುತ್ತೆ, ಹತ್ತು ಟ್ಯಾಂಕರ್. ಚಿತ್ರದುರ್ಗ ಜಿಲ್ಲೆಯಲ್ಲಿ ಎಷ್ಟೋ ಬೋರ್‌ವೆಲ್ ನೀರಲ್ಲಿ ಫ್ಲೋರೈಡ್ ಇದೆ, ಲೀಟರಿಗೆ 1.5 ಮಿಲಿಗ್ರಾಂ ದಾಟಿದ್ರೆ ಕುಡಿಯೋಕೆ ಬರಲ್ಲ, ಹಲ್ಲು ಕಂದು ಬಣ್ಣ ಆಗೋದು ಮೂಳೆ ಗಂಟು ಹಿಡಿಯೋದು ನಮ್ಮ ಹಳ್ಳಿಗಳಲ್ಲಿ ನೋಡಿದ್ದೀವಿ. ಮಳೆ ನೀರಲ್ಲಿ ಆ ಕಾಟ ಇಲ್ಲ, ಸರಿಯಾಗಿ ಹಿಡಿದಿಟ್ರೆ ಅಡಿಗೆಗೂ ಕುಡಿಯೋಕೂ ಇದಕ್ಕಿಂತ ಒಳ್ಳೇದು ಬೇಕಾ.

ಮಾಡೋದು ಇಷ್ಟು: ಮಳೆ ಶುರುವಾಗೋ ಮುಂಚೆ ಚಾವಣಿ ಗುಡಿಸಿ, ಮೊದಲ ಒಂದೆರಡು ಮಳೆ ನೀರು ಹೊರಗೆ ಬಿಡಿ, ಆಮೇಲಿನದು ಫಿಲ್ಟರ್ ದಾಟಿ ಸಂಪಿಗೆ. ಸಂಪಿಗೆ ಬೆಳಕು ಬೀಳಬಾರ್ದು, ಸೊಳ್ಳೆ ಹೋಗಬಾರ್ದು, ಕುಡಿಯೋಕೆ ಆದ್ರೆ ಕುದಿಸಿ ಕುಡೀರಿ. ಸಂಪು ತುಂಬಿ ಹೆಚ್ಚಾದ ನೀರು ಬೋರ್‌ವೆಲ್ ರೀಚಾರ್ಜ್‌ಗೆ, ಅಂದ್ರೆ ಬೋರ್ ಸುತ್ತ ಭೂಮಿಗೆ ಇಂಗಿಸೋಕೆ. ಚಿತ್ರದುರ್ಗದ ಭೂವಿಜ್ಞಾನಿ ಎನ್.ಜೆ. ದೇವರಾಜ ರೆಡ್ಡಿ ಅವರಂಥೋರು ವರ್ಷಗಟ್ಟಲೆ ಇದನ್ನ ಜನರಿಗೆ ಹೇಳ್ಕೊಟ್ಟಿದ್ದಾರೆ: ಕೇಸಿಂಗ್ ಪೈಪ್ ಸುತ್ತ ಹತ್ತಡಿ ಆಳ ಅಗಲದ ಗುಂಡಿ, ಪೈಪಿಗೆ ಸಣ್ಣ ತೂತು ಹಾಕಿ ಮೆಶ್ ಸುತ್ತಿ, ಕೆಳಗೆ ದಪ್ಪ ಕಲ್ಲು ಅದ್ರ ಮೇಲೆ ಜಲ್ಲಿ ಮೇಲೆ ಮರಳು. ತಿಳಿದೋರನ್ನ ಕರೆಸಿ ಮಾಡಿಸಿ. ರಸ್ತೆ ನೀರು, ಚರಂಡಿ ನೀರು ಮಾತ್ರ ಬೋರ್‌ವೆಲ್ ಹತ್ರ ಸುಳಿಯೋಕೂ ಬಿಡ್ಬೇಡಿ, ಒಂದ್ಸಲ ಗಲೀಜು ಕೆಳಗಿಳಿದ್ರೆ ಸುತ್ತಮುತ್ತಲ ಬೋರ್‌ಗಳೂ ಕೆಡುತ್ತೆ.

ಎಲ್ಲಾ ಮನೆಗೂ ಒಂದೇ ಸಲ ಆಗಲ್ಲ. ಶಾಲೆ, ಕಲ್ಯಾಣ ಮಂಟಪ, ಎಪಿಎಂಸಿ ಗೋಡೌನ್ ಥರ ದೊಡ್ಡ ಚಾವಣಿಗಳಿಂದ ಶುರು ಮಾಡಿ.

ಆರನೇ ಹೆಜ್ಜೆ: ಬಿಸಿಲು

ನೀರಿಗಾದ್ರೆ ಜನ ಸೇರ್ತಾರೆ, ಬಿಸಿಲಿಗೆ ಸೇರಲ್ಲ, ಬಿಸಿಲು ಇದ್ದಿದ್ದೇ ಬಿಡಿ ಅಂತಾರೆ. ಆದ್ರೆ ಶೀಟ್ ಮನೆಯಲ್ಲಿ ಮಧ್ಯಾಹ್ನ ಮಗು ಮಲಗಿಸೋ ತಾಯಿಯನ್ನ ಕೇಳಿ ನೋಡಿ. ಶೀಟ್ ಮೇಲೆ ಬಿಳಿ ಸುಣ್ಣ ಹೊಡೆದ್ರೆ ಒಳಗಿನ ಝಳ ಕಡಿಮೆ ಆಗೋದು ಒಂದೇ ದಿನಕ್ಕೆ ಗೊತ್ತಾಗುತ್ತೆ. ಫೆಬ್ರವರಿ ಕೊನೆಯಲ್ಲಿ ಮಾಡಿ, ಸುಣ್ಣ ರಾತ್ರಿಯೇ ನೆನೆಸಿ ಸೋಸಿ, ಹಿಡಿದುಕೊಳ್ಳೋಕೆ ಸ್ವಲ್ಪ ಅಂಟು ಸೇರಿಸಿ, ಬಿಸಿಲಿಲ್ಲದ ಹೊತ್ತಲ್ಲಿ ಎರಡು ಕೋಟ್. ಸಿಮೆಂಟ್ ಶೀಟ್ ಮೇಲೆ ನೇರ ಕಾಲಿಡ್ಬೇಡಿ, ಹಲಗೆ ಹಾಕ್ಕೊಂಡು ನಿಲ್ಲಿ, ಒಡೆದು ಬಿದ್ದೋರಿದ್ದಾರೆ. ಹಳೇ ಆಸ್ಬೆಸ್ಟಾಸ್ ಶೀಟ್ ಆದ್ರೆ ಒಣಗಿರೋವಾಗ ಉಜ್ಜಬೇಡಿ, ನೀರು ಹಾಕಿ ನೆನೆಸಿ ಮೆಲ್ಲಗೆ ತೊಳೀರಿ, ಆ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು. ಅಂಥ ಚಾವಣಿಯ ನೀರು ಕುಡಿಯೋಕೆ ಹಿಡೀಬೇಡಿ.

ಮರ ಅಂದ್ರೆ ನಮ್ಮ ಕಡೆ ಹೊಂಗೆ, ಬೇವು, ಅರಳಿ, ಹುಣಸೆ. ಹೂವು ಚೆನ್ನಾಗಿದೆ ಅಂತ ಗುಲ್‌ಮೊಹರ್ ಕರೆಂಟ್ ಲೈನ್ ಪಕ್ಕ ನೆಟ್ರೆ ಗಾಳಿಗೆ ಕೊಂಬೆ ಮುರಿದು ಬೀಳುತ್ತೆ. ಅರಣ್ಯ ಇಲಾಖೆ ನರ್ಸರಿಯಲ್ಲಿ ಕಡಿಮೆ ರೇಟಿಗೆ ಸಸಿ ಸಿಗುತ್ತೆ, ನೂರು ತಗೊಂಡು ತೊಂಬತ್ತು ಒಣಗಿಸೋ ಬದ್ಲು ಹದಿನೈದು ತಗೊಂಡು ಹದಿನಾಲ್ಕು ಉಳಿಸಿ. ಸಸಿ ಪಕ್ಕ ಒಂದು ಮಣ್ಣಿನ ಮಡಕೆ ಹೂತು, ತಳದಲ್ಲಿ ಸಣ್ಣ ತೂತು ಮಾಡಿ ಹತ್ತಿ ಬಟ್ಟೆ ಬತ್ತಿ ಸಿಕ್ಕಿಸಿ, ವಾರಕ್ಕೆ ಎರಡು ಸಲ ತುಂಬಿಸಿದ್ರೆ ಸಾಕು. ನೆರಳು ಮೊದಲು ಬೇಕಾಗಿರೋದು ಬಸ್ ಸ್ಟ್ಯಾಂಡ್, ಸಂತೆ ಮಾಳ, ಆಸ್ಪತ್ರೆ ಮುಂದೆ ಕಾಯೋ ಜಾಗ, ಪೌರಕಾರ್ಮಿಕರು ಕೂತು ತಿನ್ನೋ ಜಾಗ.

ಮರ ಬೆಳೆಯೋವರೆಗೂ ಅರವಟಿಗೆ ಇಡಿ, ನಮ್ಮ ಅಜ್ಜಂದಿರು ಇಡ್ತಿದ್ದಂತೆ, ನೀರಿನ ಜೊತೆ ಮಜ್ಜಿಗೆ ಇದ್ರೆ ಇನ್ನೂ ಒಳ್ಳೇದು. ಕಲ್ಯಾಣ ಕರ್ನಾಟಕದ ಜಿಲ್ಲೆಗಳಲ್ಲಿ ಬೇಸಿಗೆಗೆ ಸರ್ಕಾರಿ ಆಫೀಸ್ ಟೈಮನ್ನೇ ಬೆಳಿಗ್ಗೆ 8ರಿಂದ ಮಧ್ಯಾಹ್ನದವರೆಗೆ ಮಾಡ್ತಾರೆ, ಅದೇ ಥರ ನಿಮ್ಮ ಊರಲ್ಲಿ ಹಮಾಲರ ಕೆಲಸ, ಕಟ್ಟಡದ ಕೆಲಸ, ಸಂತೆ ಟೈಮು ಏಪ್ರಿಲ್ ಮೇನಲ್ಲಿ ಬದಲಾಯಿಸ್ಬೋದಾ ಅಂತ ಮಾಲೀಕರ ಜೊತೆ ಕೂತು ಮಾತಾಡಿ. ಯಾರಾದ್ರೂ ಬಿಸಿಲಿಗೆ ಮೈ ಕಾದು ಏನೇನೋ ಮಾತಾಡೋಕೆ ಶುರು ಮಾಡಿದ್ರೆ ನೆರಳಿಗೆ ಕರ್ಕೊಂಡೋಗಿ, ಒದ್ದೆ ಬಟ್ಟೆ ಹಾಕಿ ಗಾಳಿ ಬೀಸಿ, 108ಕ್ಕೆ ಫೋನ್ ಮಾಡಿ, ಪ್ರಜ್ಞೆ ಇಲ್ಲದೋರ ಬಾಯಿಗೆ ನೀರು ಹಾಕ್ಬೇಡಿ.

ಸೋಲಾರ್ ಬಗ್ಗೆ ತುಂಬಾ ಜನ ಕೇಳ್ತಾರೆ. 2024ರಲ್ಲಿ ಬಂದ ಪಿಎಂ ಸೂರ್ಯ ಘರ್ ಯೋಜನೆಯಲ್ಲಿ 3 ಕಿಲೋವ್ಯಾಟಿಗೆ 78,000 ರೂಪಾಯಿವರೆಗೆ ಸಬ್ಸಿಡಿ ಇದೆ, ಮನೆ ಬಿಲ್ ಜಾಸ್ತಿ ಬರೋರು ಹಾಕಿಸ್ಕೊಳ್ಳಿ, ಒಳ್ಳೇದೇ. ಆದ್ರೆ ಊರು ಅಂತ ಸೇರಿ ಮಾಡೋ ಕೆಲಸದಲ್ಲಿ ನನ್ನ ಪ್ರಕಾರ ನೀರು ನೆರಳು ಮೊದಲು.

ಏಳನೇ ಹೆಜ್ಜೆ: ಜೋರು ಮಳೆಯ ರಾತ್ರಿಗೆ ತಯಾರಿ

ಮೇ ಮೊದಲ ವಾರದಲ್ಲಿ ಒಂದು ದಿನ ಚರಂಡಿ ಕ್ಲೀನಿಂಗ್, ತೆಗೆದ ಹೂಳು ಪಕ್ಕದಲ್ಲೇ ಬಿಟ್ರೆ ಮೊದಲ ಮಳೆಗೆ ವಾಪಸ್ ಒಳಗೆ, ಅದೇ ದಿನ ಟ್ರ್ಯಾಕ್ಟರಲ್ಲಿ ಸಾಗಿಸಿ. ರಾಜ್ಯದಲ್ಲಿ ಪ್ಲಾಸ್ಟಿಕ್ ಕವರ್ 2016ರಲ್ಲೇ ಬ್ಯಾನ್ ಆಗಿದೆ, ಆದ್ರೂ ಮೋರಿ ಬಾಯಿಗೆ ಸಿಕ್ಕೊಳ್ಳೋದು ಅದೇ. ಸಂತೆ ದಿನ ಬಟ್ಟೆ ಚೀಲ ಕೊಟ್ಟು ನೋಡಿ.

ತಗ್ಗಿನ ಮನೆಗಳ ಒಂದು ಲಿಸ್ಟ್ ಮಾಡಿ, ಮುದುಕರು, ಬಸುರಿಯರು, ನಡೆಯೋಕೆ ಆಗದೋರು ಯಾವ ಮನೆಯಲ್ಲಿದ್ದಾರೆ, ಅವರನ್ನ ಯಾರು ಕರ್ಕೊಂಡು ಬರ್ತಾರೆ, ಯಾವ ಶಾಲೆಗೆ, ಶಾಲೆ ಬೀಗ ಯಾರ ಹತ್ರ. ಬೀಗದ ವಿಷ್ಯ ಸಣ್ಣದು ಅನ್ಸುತ್ತೆ, ರಾತ್ರಿ ಎರಡು ಗಂಟೆಗೆ ಮಳೆಯಲ್ಲಿ ಬೀಗ ಹುಡುಕೋವಾಗ ಗೊತ್ತಾಗುತ್ತೆ. ನದಿ ಪಕ್ಕದ ಊರಾದ್ರೆ ಡ್ಯಾಂ ಮಟ್ಟ ದಿನಾ ನೋಡ್ತಾ ಇರಿ. ನಮ್ಮಲ್ಲಿ 125 ಅಡಿ ದಾಟಿದ್ರೆ ನಮ್ಮ ಗುಂಪಿನೋರು ವೇದಾವತಿ ದಡದ ಮನೆಗಳಿಗೆ ಹೋಗಿ ಹೇಳಿ ಬರ್ತೀವಿ, ಅದು ನಾವೇ ಇಟ್ಕೊಂಡಿರೋ ಲೆಕ್ಕ, ನಿಮ್ಮದು ನೀವು ಇಟ್ಕೊಳ್ಳಿ. ವಾಟ್ಸಾಪ್ ಗ್ರೂಪ್ ಇರ್ಲಿ, ಆದ್ರೆ ಜೋರು ಮಳೇಲಿ ಕರೆಂಟೂ ಟವರೂ ಹೋಗುತ್ತೆ, ಹಾಗಾಗಿ ದೇವಸ್ಥಾನ ಮಸೀದಿ ಮೈಕ್ ಇರೋರ ಜೊತೆ, ತಮಟೆ ಹೊಡೆಯೋರ ಜೊತೆ ಮೊದಲೇ ಮಾತಾಡಿ ಇಡಿ.

ಇನ್ನೊಂದು ಕೆಲಸ ಇದೆ. ಉತ್ತರೆ ಹಸ್ತದಲ್ಲಿ ಆ ದೊಡ್ಡ ಮಳೆ ಬಂದ ಮಾರನೇ ಬೆಳಿಗ್ಗೆ, ಅಪಾಯ ಇಲ್ಲ ಅಂತ ಖಾತ್ರಿ ಮಾಡ್ಕೊಂಡು, ಇಬ್ಬಿಬ್ರು ಜೊತೆಯಾಗಿ ಮೇಲಿನ ಕೆರೆ ಕೋಡಿಯಿಂದ ಕೆಳಗಿನ ಕೆರೆವರೆಗೂ ನಡೀರಿ. ಗೋಡೆ ಮೇಲೆ, ಮೋರಿ ಪಕ್ಕ, ಬೇಲಿಗೆ ಸಿಕ್ಕಿರೋ ಕಸದ ಗೆರೆ ನೋಡಿ, ನೀರು ಎಲ್ಲೀವರೆಗೂ ಬಂದಿತ್ತು ಅಂತ ಅದು ತೋರ್ಸುತ್ತೆ. ಎರಡು ದಿನ ಬಿಟ್ರೆ ಆ ಗೆರೆ ಹೋಗುತ್ತೆ, ಅವತ್ತೇ ಸುಣ್ಣದಲ್ಲಿ ಗುರುತು ಹಾಕಿ, ಪಕ್ಕದಲ್ಲಿ ತಾರೀಕು, ಮಳೆ ಎಷ್ಟು ಮಿ.ಮೀ ಅಂತ ಬರೀರಿ. ಮುಂದಿನ ಜನವರಿಯಲ್ಲಿ ಜೆಸಿಬಿ ಎಲ್ಲಿ ನಿಲ್ಲಿಸ್ಬೇಕು ಅಂತ ಆ ಗುರುತು ನೋಡಿ ತೀರ್ಮಾನ ಮಾಡ್ಬೋದು.